ಪೆದ್ದು ಸಸಿಯ ಶಿಲೀಂಧ್ರ ಕಲಿಸಿದ ಪಾಠ

ಭತ್ತದ ಸಸಿಮಡಿಯಲ್ಲಿ ಕೆಲವು ಸಸಿಗಳು ಉಳಿದವುಗಳಿಗಿಂತ ಎತ್ತರವಾಗಿ, ಸಣಕಲಾಗಿ, ತಿಳಿಹಳದಿ ಬಣ್ಣಕ್ಕೆ ತಿರುಗಿ ಎದ್ದು ಕಾಣುವುದುಂಟು. ಇದನ್ನು ಸಸಿ ಚೆನ್ನಾಗಿ ಗೊಬ್ಬರ ಹಿಡಿದ ಲಕ್ಷಣವೆಂದು ಭಾವಿಸಬಾರದು. ಇದು ಫ್ಯುಸೇರಿಯಂ ಫ್ಯೂಜಿಕುರೋಯ್ ಎಂಬ ಶಿಲೀಂಧ್ರದಿಂದ ಬರುವ ರೋಗ. ಜಪಾನಿನ ರೈತರು ಇದನ್ನು ‘ಬಕಾನೆ’, ಅಂದರೆ ‘ಪೆದ್ದು ಸಸಿ’ ಎಂದು ಕರೆದರು. ಇಂತಹ ಸಸಿಗಳು ಹೆಚ್ಚಾಗಿ ನಾಟಿಯ ನಂತರ ಸಾಯುತ್ತವೆ; ಬದುಕಿದರೂ ತೆನೆ ಜೊಳ್ಳಾಗುತ್ತದೆ.

ದ್ರಾಕ್ಷಿ ಬೆಳೆಗಾರರು ಗೊಂಚಲನ್ನು ಉದ್ದವಾಗಿಸಲು ಮತ್ತು ಬೀಜರಹಿತ ಹಣ್ಣಿನ ಗಾತ್ರ ಹೆಚ್ಚಿಸಲು ಬಳಸುವ ಜಿಬ್ಬರೆಲಿಕ್ ಆಮ್ಲ ಈ ರೋಗಕಾರಕದಿಂದಲೇ ದೊರೆಯಿತು. ಅದು ದೊರೆತ ಬಗೆಯನ್ನು ತಿಳಿಯುವುದು ಉಪಯುಕ್ತ.

ಆಹಾರ ಬದಲಾದಾಗ

1926ರಲ್ಲಿ ತೈವಾನಿನಲ್ಲಿದ್ದ ಜಪಾನಿ ವಿಜ್ಞಾನಿ ಕುರೊಸಾವಾ ಈ ಶಿಲೀಂಧ್ರವನ್ನು ದ್ರವದಲ್ಲಿ ಬೆಳೆಸಿ, ಸೋಸಿದ ದ್ರವವನ್ನು ಆರೋಗ್ಯವಂತ ಸಸಿಗಳಿಗೆ ಕೊಟ್ಟರು. ಶಿಲೀಂಧ್ರವಿಲ್ಲದಿದ್ದರೂ ಸಸಿಗಳು ಉದ್ದವಾದವು. ದ್ರವದಲ್ಲಿ ಯಾವುದೋ ವಸ್ತುವಿದೆ ಎಂಬುದು ಇದರಿಂದ ಖಚಿತವಾಯಿತು.

ಆ ವಸ್ತುವನ್ನು ಹುಡುಕಿದ ಯಾಬುಟ ಅವರಿಗೆ 1934ರಲ್ಲಿ ಮೊದಲು ಸಿಕ್ಕಿದ್ದು ಸಸಿಯನ್ನು ಕುಗ್ಗಿಸುವ ಫ್ಯುಸೇರಿಕ್ ಆಮ್ಲ! ಶಿಲೀಂಧ್ರದ ಆಹಾರದ ಮಿಶ್ರಣವನ್ನು ಬದಲಿಸಿದಾಗ ಈ ಆಮ್ಲದ ಉತ್ಪತ್ತಿ ತಗ್ಗಿ, ಸಸಿಯನ್ನು ಬೆಳೆಸುವ ವಸ್ತು ದೊರೆಯಿತು. 1935ರಲ್ಲಿ ಅದಕ್ಕೆ ‘ಜಿಬ್ಬರೆಲಿನ್’ ಎಂದು ಹೆಸರಿಟ್ಟರು. ಶಿಲೀಂಧ್ರ ಒಂದೇ, ಆಹಾರ ಬೇರೆಯಾದಾಗ ವಸ್ತುವೂ ಬೇರೆಯಾಯಿತು.

ಕಾರಣವೇನು?

ಮನೆಯ ಅಟ್ಟದಲ್ಲಿರುವ ಪಾತ್ರೆಗಳೆಲ್ಲವೂ ದಿನವೂ ಒಲೆಗೆ ಬರುವುದಿಲ್ಲ. ಹಬ್ಬಕ್ಕೆ ಒಂದು, ಮದುವೆಗೆ ಒಂದು. ಹಾಗೆಯೇ ಗಿಡದೊಳಗೆ ವಾಸಿಸುವ ಶಿಲೀಂಧ್ರವೂ ತನ್ನಲ್ಲಿರುವ ವಂಶವಾಹಿಗಳನ್ನೆಲ್ಲ ಏಕಕಾಲಕ್ಕೆ ಬಳಸುವುದಿಲ್ಲ. ಸಾರಜನಕ ಯಥೇಚ್ಛವಾಗಿದ್ದರೆ ಈ ಶಿಲೀಂಧ್ರ ಜಿಬ್ಬರೆಲಿನ್ ತಯಾರಿಸುವುದಿಲ್ಲ. ಸಾರಜನಕ ಮುಗಿಯುತ್ತಾ ಬಂದಾಗ ತಯಾರಿಸತೊಡಗುತ್ತದೆ. ಸಾರಜನಕ ಕಡಿಮೆಯಿದ್ದು ಆಹಾರ ಹುಳಿಯಾಗಿದ್ದರೆ ಬೈಕಾವೆರಿನ್ ಎಂಬ ಕೆಂಪು ಬಣ್ಣ ಮೂಡುತ್ತದೆ.

2013ರಲ್ಲಿ ಇದರ ವಂಶವಾಹಿಗಳ ಪೂರ್ಣ ವಿವರ ಪ್ರಕಟವಾದಾಗ, ಅದುವರೆಗೆ ತಿಳಿದಿದ್ದಕ್ಕಿಂತ ಎಷ್ಟೋ ಹೆಚ್ಚು ವಸ್ತುಗಳನ್ನು ತಯಾರಿಸುವ ಶಕ್ತಿ ಇದರಲ್ಲಿ ಅಡಗಿರುವುದು ಕಂಡುಬಂದಿತು. ರೋಗ ತಾರದೆ ಎಲೆ, ಕಾಂಡ, ಬೇರುಗಳಲ್ಲಿ ನೆಲೆಸಿರುವ ಇತರ ಶಿಲೀಂಧ್ರಗಳಲ್ಲಿಯೂ ಹೀಗೆಯೇ. ಅಡಗಿದ ಶಕ್ತಿಯನ್ನು ಎಬ್ಬಿಸಲು ವಿಜ್ಞಾನಿಗಳು ಅನುಸರಿಸುವ ಮುಖ್ಯ ವಿಧಾನಗಳು ಇವು:

1. ಆಹಾರ, ಹುಳಿಯ ಪ್ರಮಾಣ, ಗಾಳಿ, ಉಷ್ಣತೆಗಳನ್ನು ಬದಲಿಸುವುದು.
2. ಬೇರೊಂದು ಸೂಕ್ಷ್ಮಜೀವಿಯೊಡನೆ ಬೆಳೆಸಿ ಪೈಪೋಟಿಗೆ ಒಡ್ಡುವುದು.
3. ವಂಶವಾಹಿಗಳ ಬಿಗಿಯಾದ ಸುತ್ತನ್ನು ಸಡಿಲಿಸುವ ರಾಸಾಯನಿಕ ಸೇರಿಸುವುದು.

ಹೀಗೆ ಹೊರಬರುವುದೆಲ್ಲ ಔಷಧವೇ ಆಗಿರುವುದಿಲ್ಲ. ಇದೇ ಗುಂಪಿನ ಇನ್ನೊಂದು ಶಿಲೀಂಧ್ರ ಮೆಕ್ಕೆಜೋಳದಲ್ಲಿ ತಯಾರಿಸುವ ಫ್ಯುಮೋನಿಸಿನ್ ಕುದುರೆಗಳ ಮಿದುಳನ್ನೇ ಕೆಡಿಸುವ ವಿಷ. ಆದ್ದರಿಂದ ಇದು ಪ್ರಯೋಗಶಾಲೆಯ ಕೆಲಸ; ಮನೆಯಲ್ಲಿ ಮಾಡಿ ನೋಡುವುದಲ್ಲ.

ರೈತರು ಮಾಡಬೇಕಾದುದು

ಪ್ರಯೋಗಶಾಲೆಯ ಸಾರಜನಕದ ನಿಯಮವನ್ನು ಗದ್ದೆಗೆ ಅನ್ವಯಿಸಬೇಡಿ. ಗದ್ದೆಯಲ್ಲಿ ಅತಿಯಾದ ಸಾರಜನಕ ಈ ರೋಗಕ್ಕೆ ಅನುಕೂಲವೇ ಹೊರತು ಮದ್ದಲ್ಲ. ರೋಗ ಮುಖ್ಯವಾಗಿ ಬೀಜದಿಂದ ಹರಡುವುದರಿಂದ ರೋಗ ಕಂಡ ಗದ್ದೆಯ ಭತ್ತವನ್ನು ಬೀಜಕ್ಕೆ ಇಡಬೇಡಿ. ಬಿತ್ತುವ ಮೊದಲು ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ, ತೇಲಿದ್ದನ್ನು ತೆಗೆದುಹಾಕಿ, ಮುಳುಗಿದ ಗಟ್ಟಿ ಕಾಳನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ನಂತರ ರೈತ ಸಂಪರ್ಕ ಕೇಂದ್ರದ ಸಲಹೆಯಂತೆ ಬೀಜೋಪಚಾರ ಮಾಡಿರಿ. ಸಸಿಮಡಿಯಲ್ಲಿ ಉದ್ದವಾದ ಸಣಕಲು ಸಸಿ ಕಂಡೊಡನೆ ಬೇರುಸಹಿತ ಕಿತ್ತು ಸುಡಿರಿ, ನಾಟಿಗೆ ಬಳಸಬೇಡಿ.

ಹದವರಿತು ಆಹಾರ ಕೊಟ್ಟರೆ ರೋಗದ ಶಿಲೀಂಧ್ರದಿಂದಲೂ ಉಪಕಾರ ಪಡೆಯಬಹುದು. ಆದರೆ ಅದರ ಸ್ಥಳ ಕಾರ್ಖಾನೆಯ ತೊಟ್ಟಿಯೇ ಹೊರತು ನಮ್ಮ ಸಸಿಮಡಿಯಲ್ಲ.