ರಿಕವರಿ ವಿಫಲವಾದಾಗ ಮೊದಲು ಪರೀಕ್ಷಿಸಬೇಕಾದುದು ಡಿಸ್ಕಿನ ಆರೋಗ್ಯ

ಗಡಿನಾಡಿನ ಕನ್ನಡ ಶಾಲೆಯ ಕಂಪ್ಯೂಟರಿನಲ್ಲಿರುವ ಕಡತಗಳ ಪೈಕಿ ಅನೇಕವು ಬೇರೆಲ್ಲಿಯೂ ದೊರೆಯುವುದಿಲ್ಲ. ರಾಜ್ಯಭಾಷೆಯಲ್ಲಿ ಬಂದ ಸುತ್ತೋಲೆ, ಚಟುವಟಿಕೆ ಪುಸ್ತಕ, ಮಾದರಿ ಪ್ರಶ್ನೆಪತ್ರಿಕೆಗಳನ್ನು ಶಿಕ್ಷಕರೇ ರಾತ್ರಿ ಕುಳಿತು ಕನ್ನಡಕ್ಕೆ ತಂದಿರುತ್ತಾರೆ. ಊರಿನ ಹಿರಿಯರು ಹಾಡಿದ ಬೀಸುವ ಪದಗಳನ್ನು, ಒಗಟುಗಳನ್ನು ಧ್ವನಿಮುದ್ರಿಸಿಕೊಂಡಿರುತ್ತಾರೆ. ಆದುದರಿಂದ ಯಂತ್ರ ಕೆಟ್ಟಾಗ ನಮಗಾಗುವ ನಷ್ಟವನ್ನು ಯಂತ್ರದ ಬೆಲೆಯಿಂದ ಅಳೆಯಲಾಗದು.

ಕೆಲವು ವರ್ಷಗಳ ಹಿಂದೆ ಇಂತಹ ಒಂದು ಶಾಲೆಯ ಶಿಕ್ಷಕಿಯೊಬ್ಬರು ನನಗೆ ದೂರವಾಣಿ ಮಾಡಿದರು. “ಸರ್, ವಿಂಡೋಸ್ ತೆರೆಯುತ್ತಿಲ್ಲ. ರಿಕವರಿ ಹಾಕಿದೆ, ಅರ್ಧಕ್ಕೆ ನಿಂತುಬಿಟ್ಟಿತು. ಏನು ಮಾಡಲಿ?” ಎಂದು ಕೇಳಿದರು. ನಾನು ಹೆಚ್ಚು ವಿಚಾರಿಸದೆ, “ಇನ್ನೊಮ್ಮೆ ಹಾಕಿ ನೋಡಿ ಮೇಡಂ” ಎಂದುಬಿಟ್ಟೆ. ಅವರು ಇನ್ನೆರಡು ಬಾರಿ ಹಾಕಿದರು. ಮೂರನೆಯ ಸಲ ಪೆಟ್ಟಿಗೆಯೊಳಗಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿತು. ಅನಂತರ ಯಂತ್ರವು ಡಿಸ್ಕನ್ನು ಗುರುತಿಸಲೇ ಇಲ್ಲ. ಆರು ವರ್ಷಗಳ ಪ್ರಶ್ನೆಪತ್ರಿಕೆಗಳು ಹೋದವು. ಒಬ್ಬ ಅಜ್ಜಿಯ ಹಾಡುಗಳೂ ಹೋದವು. ಆ ವೇಳೆಗೆ ಆ ಅಜ್ಜಿ ತೀರಿಕೊಂಡಿದ್ದರು. ತಪ್ಪು ಸಲಹೆ ಕೊಟ್ಟವನು ನಾನು. ಈ ಪಾಠವನ್ನು ಬರೆಯಲು ಅದೇ ಕಾರಣ.

ಒಂದು ಪದ, ಎರಡು ಅರ್ಥ

ನಮ್ಮನ್ನು ಮೊದಲು ದಾರಿ ತಪ್ಪಿಸುವುದು ‘ರಿಕವರಿ’ ಎಂಬ ಪದವೇ. ಕಳೆದುಹೋದ ಕಡತಗಳನ್ನು ಮರಳಿ ಪಡೆಯುವುದಕ್ಕೂ ರಿಕವರಿ ಎನ್ನುತ್ತೇವೆ. ಕೆಟ್ಟ ವಿಂಡೋಸನ್ನು ಮೊದಲಿನ ಸ್ಥಿತಿಗೆ ತರುವುದಕ್ಕೂ ರಿಕವರಿ ಎನ್ನುತ್ತೇವೆ. ಮೊದಲನೆಯದನ್ನು ‘ದತ್ತಾಂಶದ ಮರುಪಡೆ’ ಎಂದೂ ಎರಡನೆಯದನ್ನು ‘ವ್ಯವಸ್ಥೆಯ ಪುನಃಸ್ಥಾಪನೆ’ ಎಂದೂ ಬೇರೆಬೇರೆಯಾಗಿ ಕರೆಯುವುದು ಒಳ್ಳೆಯದು. ಏಕೆಂದರೆ ಇವೆರಡೂ ಪರಸ್ಪರ ವಿರುದ್ಧವಾಗಿ ಕೆಲಸ ಮಾಡಬಲ್ಲವು. ತಯಾರಕರು ಡಿಸ್ಕಿನಲ್ಲಿ ಅಡಗಿಸಿಟ್ಟಿರುವ ಪ್ರತಿಯಿಂದ ಮಾಡುವ ಪೂರ್ಣ ಪುನಃಸ್ಥಾಪನೆಯು ಸಾಮಾನ್ಯವಾಗಿ ಸಿ ಡ್ರೈವನ್ನು ಅಳಿಸಿ, ಅದರ ಮೇಲೆಯೇ ಹೊಸದಾಗಿ ಬರೆಯುತ್ತದೆ. ನಮ್ಮ ಕಡತಗಳಿದ್ದ ಜಾಗದಲ್ಲಿ ಬೇರೇನೋ ಬಂದು ಕೂರುತ್ತದೆ. ವಿಂಡೋಸಿನ ‘ಸಿಸ್ಟಮ್ ರಿಸ್ಟೋರ್’ ಮಾತ್ರ ಇಷ್ಟು ಕಠೋರವಲ್ಲ. ಅದು ವ್ಯವಸ್ಥೆಯ ಕಡತಗಳನ್ನು ಹಿಂದಿನ ದಿನಾಂಕಕ್ಕೆ ಒಯ್ಯುತ್ತದೆಯೇ ಹೊರತು ನಮ್ಮ ಬರಹಗಳನ್ನು ಮುಟ್ಟುವುದಿಲ್ಲ. ‘ರೀಸೆಟ್’ ಎಂಬುದರಲ್ಲಿ ಕಡತಗಳನ್ನು ಉಳಿಸಿಕೊಳ್ಳುವ ಮತ್ತು ಎಲ್ಲವನ್ನೂ ತೆಗೆದುಹಾಕುವ ಎರಡು ಆಯ್ಕೆಗಳಿವೆ. ಇಂಗ್ಲಿಷ್ ಸಾಲನ್ನು ಅವಸರದಲ್ಲಿ ಓದಿ ಗುಂಡಿ ಒತ್ತಬಾರದು.

ಇನ್ನೊಂದು ವಿಚಾರ. ಅಡಗಿಸಿಟ್ಟ ಆ ಪ್ರತಿಯೂ ಇರುವುದು ಅದೇ ಡಿಸ್ಕಿನಲ್ಲಿ. ಮನೆಯ ಬದಲಿ ಕೀಲಿಕೈಯನ್ನು ಮನೆಯೊಳಗೇ ಇಟ್ಟು ಬೀಗ ಹಾಕಿ ಹೋದಂತೆ ಇದು. ಡಿಸ್ಕೇ ಕೆಟ್ಟಿದ್ದರೆ ಪ್ರತಿಯೂ ಓದಲು ಸಿಗದು. ಪುನಃಸ್ಥಾಪನೆ ನಡುವೆ ನಿಲ್ಲುತ್ತದೆ. ಪ್ರತಿ ಸಲವೂ ಒಂದೇ ಶೇಕಡಾ ಅಂಕಿಯಲ್ಲಿ ನಿಲ್ಲುತ್ತಿದ್ದರೆ ಆ ಸ್ಥಳದ ಓದು ಸಾಧ್ಯವಾಗುತ್ತಿಲ್ಲವೆಂದು ಶಂಕಿಸಬಹುದು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಲ್ಲುತ್ತಿದ್ದರೆ ರ‍್ಯಾಮ್, ವಿದ್ಯುತ್ ಪೂರೈಕೆ ಅಥವಾ ಅತಿಯಾದ ಬಿಸಿಯನ್ನು ಶಂಕಿಸಬೇಕಾಗುತ್ತದೆ. ಇವೆರಡೂ ಶಂಕೆಗಳೇ, ತೀರ್ಮಾನಗಳಲ್ಲ.

ಕೆಟ್ಟ ಪುಟದ ಲೆಕ್ಕ

ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಓದುವ ಮೊನೆ ತೇಲುತ್ತಿರುತ್ತದೆ. ತಟ್ಟೆಯು ಸೆಕ್ಟರ್ ಎಂಬ ಸಣ್ಣ ತುಣುಕುಗಳಾಗಿ ಹಂಚಿಹೋಗಿರುತ್ತದೆ; ಹಳೆಯ ಡಿಸ್ಕುಗಳಲ್ಲಿ ಒಂದು ಸೆಕ್ಟರಿಗೆ 512 ಬೈಟ್, ಹೊಸವುಗಳಲ್ಲಿ 4096 ಬೈಟ್. ಸಾಮಾನ್ಯವಾಗಿ ಬಳಸುವ ಯೂನಿಕೋಡ್ ಕಡತದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷೇ’ ಎಂಬ ಒಂದು ಅಕ್ಷರವು ಕ, ವಿರಾಮ ಚಿಹ್ನೆ, ಷ, ಏತ್ವ ಎಂದು ನಾಲ್ಕು ಸಂಕೇತಗಳಾಗಿ 12 ಬೈಟ್ ಹಿಡಿಯುತ್ತದೆ. ಈ ಲೆಕ್ಕದಲ್ಲಿ 512 ಬೈಟಿನ ಒಂದು ಸೆಕ್ಟರಿಗೆ ಸುಮಾರು 170 ಸಂಕೇತಗಳು, ಅಂದರೆ ಒಂದೆರಡು ಚಿಕ್ಕ ಪದ್ಯಗಳು ಹಿಡಿಸುತ್ತವೆ. ಸರಳ ಪಠ್ಯ ಕಡತದಲ್ಲಿ ಒಂದು ಸೆಕ್ಟರ್ ಹಾಳಾದರೆ ಅಷ್ಟೇ ಹೋಗುತ್ತದೆ. ಈಗಿನ ವರ್ಡ್ ಕಡತವು ಒತ್ತಿ ಕಟ್ಟಿದ ಗಂಟಿನಂತಿರುವುದರಿಂದ ಅದೇ ಒಂದು ಸೆಕ್ಟರ್ ಇಡೀ ಕಡತವನ್ನು ತೆರೆಯದಂತೆ ಮಾಡಬಹುದು.

ಹಾಜರಿ ಪುಸ್ತಕದ ಒಂದು ಪುಟದ ಮೇಲೆ ಶಾಯಿ ಚೆಲ್ಲಿದಾಗ ಗುಮಾಸ್ತರು ಏನು ಮಾಡುತ್ತಾರೆ? “ಈ ಪುಟಕ್ಕೆ ಬದಲಾಗಿ ಕೊನೆಯ ಪುಟ ನೋಡಿ” ಎಂದು ಬರೆದು ಮುಂದೆ ಸಾಗುತ್ತಾರೆ. ಡಿಸ್ಕೂ ಹಾಗೆಯೇ ಮಾಡುತ್ತದೆ. ಕೆಟ್ಟ ಸೆಕ್ಟರಿಗೆ ಬದಲಾಗಿ ಮೀಸಲಿನಿಂದ ಒಂದನ್ನು ಕೊಟ್ಟು, ಆ ಲೆಕ್ಕವನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಈ ಸ್ವಯಂ ದಾಖಲೆಯ ಹೆಸರು ಸ್ಮಾರ್ಟ್. ಅದರಲ್ಲಿ ಹತ್ತಾರು ಸಾಲುಗಳಿದ್ದರೂ ಶಿಕ್ಷಕರು ನಾಲ್ಕನ್ನು ಓದಿದರೆ ಸಾಕು. 5ನೆಯ ಸಂಖ್ಯೆಯ ಸಾಲು, ಈವರೆಗೆ ಬದಲಿ ಕೊಟ್ಟ ಸೆಕ್ಟರುಗಳ ಲೆಕ್ಕ. 197ನೆಯದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳದು. 198ನೆಯದು ಪರೀಕ್ಷೆಯಲ್ಲಿಯೂ ಸರಿಪಡಿಸಲಾಗದೆಂದು ಕಂಡವುಗಳದು. 199ನೆಯದು ಡಿಸ್ಕಿನ ರೋಗವಲ್ಲ. ಅದು ಏರುತ್ತಿದ್ದರೆ ಹೆಚ್ಚಾಗಿ ದೋಷವಿರುವುದು ಕೇಬಲ್ಲಿನಲ್ಲಿ. ಕೇಬಲ್ ಬಿಗಿಪಡಿಸಿದರೆ ಅಥವಾ ಬದಲಿಸಿದರೆ ತೀರುವ ತೊಂದರೆಗೆ ಡಿಸ್ಕನ್ನೇ ಎಸೆದವರನ್ನು ನಾನು ಕಂಡಿದ್ದೇನೆ.

ವಿಂಡೋಸ್ ತೆರೆಯುತ್ತಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಈ ಸಾಲುಗಳನ್ನು ತೋರಿಸುತ್ತದೆ. ಅದರಲ್ಲಿ ನೀಲಿ ಬಣ್ಣ ಕ್ಷೇಮವನ್ನು, ಹಳದಿ ಎಚ್ಚರಿಕೆಯನ್ನು, ಕೆಂಪು ಅಪಾಯವನ್ನು ಸೂಚಿಸುತ್ತದೆ. ಒಂದು ಸೂಕ್ಷ್ಮವಿದೆ: ಅದು ಸಾಲಿನ ಸಂಖ್ಯೆಗಳನ್ನು ಹದಿನಾರರ ಮೂಲಮಾನದಲ್ಲಿ ಬರೆಯುತ್ತದೆ, 197 ಅಲ್ಲಿ ‘ಸಿ5’ ಎಂದಿರುತ್ತದೆ. ನಾವಾಗಿ ಬದಲಿಸದಿದ್ದರೆ ಮೂಲ ಮೌಲ್ಯಗಳೂ ಹಾಗೆಯೇ ಇರುವುದರಿಂದ ಅಲ್ಲಿ 10 ಎಂದಿದ್ದರೆ 16 ಎಂದು ತಿಳಿಯಬೇಕು.

5ನೆಯ ಸಾಲಿನಲ್ಲಿ ಸಣ್ಣ ಸಂಖ್ಯೆಯಿದ್ದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಗಾಬರಿ ಬೇಡ, ಕಣ್ಣಿಟ್ಟಿರಬೇಕು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕಿನಲ್ಲಿ ಹೊಸದೇನನ್ನೂ ಇಡಬಾರದು. 197 ಮತ್ತು 198 ಸೊನ್ನೆಯಲ್ಲದಿದ್ದರೆ ಪುನಃಸ್ಥಾಪನೆಯ ಮಾತನ್ನು ಅಂದಿಗೆ ಬದಿಗಿಡಬೇಕು.

ಎಲ್ಲವೂ ಸೊನ್ನೆಯಾಗಿದ್ದರೆ ಡಿಸ್ಕ್ ಆರೋಗ್ಯವಾಗಿದೆಯೆಂದು ಅರ್ಥವೇ? ಅಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಶೇಕಡಾ 56ಕ್ಕಿಂತ ಹೆಚ್ಚಿನವು ಪ್ರಬಲವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಸೂಚನೆ ಕಂಡರೆ ನಂಬಬೇಕು. ಕಾಣದಿದ್ದರೆ ನಿಶ್ಚಿಂತೆಯಿಂದ ಇರಬಾರದು.

ಕಡತಗಳನ್ನು ಹೊರತೆಗೆಯುವುದು

ಪುನಃಸ್ಥಾಪನೆ ಒಮ್ಮೆ ವಿಫಲವಾಯಿತೆಂದರೆ ಎರಡನೆಯ ಸಲ ಒತ್ತಬಾರದು. ಟಕ್ ಟಕ್ ಸದ್ದು ಬರುತ್ತಿದ್ದರೆ ತಕ್ಷಣ ವಿದ್ಯುತ್ ಆರಿಸಬೇಕು. ಡಿಸ್ಕಿನ ಮುಚ್ಚಳವನ್ನು ಯಾರೂ ಬಿಚ್ಚಬಾರದು. ಒಂದು ಧೂಳಿನ ಕಣವು ಆ ಮೊನೆ ತೇಲುವ ಎತ್ತರಕ್ಕಿಂತ ಎಷ್ಟೋ ಪಾಲು ದೊಡ್ಡದು. ಕಡತಗಳು ಅಮೂಲ್ಯವೆನಿಸಿದರೆ ಅಲ್ಲಿಂದ ಮುಂದಿನದು ಪರಿಣತರ ಕೆಲಸ.

ಸದ್ದಿಲ್ಲದಿದ್ದರೆ ಉಬುಂಟು ಇರುವ ಪೆನ್ ಡ್ರೈವಿನಿಂದ ಯಂತ್ರವನ್ನು ಚಾಲನೆ ಮಾಡಬೇಕು. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯು ಉಬುಂಟು ಆಧಾರಿತ ಮುಕ್ತ ತಂತ್ರಾಂಶವನ್ನೇ ಬಳಕೆಗೆ ತಂದಿರುವುದರಿಂದ ಕಾಸರಗೋಡಿನ ಶಿಕ್ಷಕರಿಗೆ ಇದು ಹೊಸದಲ್ಲ; ಉಳಿದೆಡೆಯವರು ಒಮ್ಮೆ ಮಾಡಿ ನೋಡಿದರೆ ರೂಢಿಯಾಗುತ್ತದೆ. ಪರದೆಯ ಮೇಲೆ ‘ಟ್ರೈ’ ಮತ್ತು ‘ಇನ್‌ಸ್ಟಾಲ್’ ಎಂಬ ಎರಡು ಆಯ್ಕೆಗಳು ಬರುತ್ತವೆ. ಆರಿಸಬೇಕಾದುದು ‘ಟ್ರೈ’. ಆಗ ವ್ಯವಸ್ಥೆಯು ಪೆನ್ ಡ್ರೈವಿನಿಂದಲೇ ನಡೆಯುತ್ತದೆ. ‘ಡಿಸ್ಕ್ಸ್’ ಎಂಬ ಉಪಕರಣದಲ್ಲಿ ಸ್ಮಾರ್ಟ್ ದಾಖಲೆಯನ್ನು ಓದಬಹುದು. ಅದು ಒಂದು ನಿಮಿಷದ ಕೆಲಸ, ಡಿಸ್ಕಿಗೆ ಶ್ರಮವಿಲ್ಲ. ಗಂಟೆಗಟ್ಟಲೆ ನಡೆಯುವ ದೀರ್ಘ ಪರೀಕ್ಷೆಯನ್ನು ಮಾತ್ರ ಕಡತಗಳು ಹೊರಬರುವವರೆಗೆ ಮಾಡಬಾರದು. ವಿಂಡೋಸಿನ ‘ಚೆಕ್ ಡಿಸ್ಕ್’ ಆದೇಶಕ್ಕೂ ಇದೇ ಮಾತು. ಅದು ಸರಿಪಡಿಸುವಾಗ ಡಿಸ್ಕಿನ ಮೇಲೆ ಬರೆಯುತ್ತದೆ. ರೋಗಿಯನ್ನು ಎಬ್ಬಿಸಿ ಓಡಿಸಿ ಪರೀಕ್ಷಿಸಿದಂತಾಗುತ್ತದೆ.

ಮೊದಲು ಬೇರೆಲ್ಲೂ ಸಿಗದವುಗಳನ್ನು ಹೊರಗಿನ ಡಿಸ್ಕಿಗೆ ಎತ್ತಿಕೊಳ್ಳಬೇಕು: ಧ್ವನಿಮುದ್ರಣಗಳು, ಸ್ವಂತ ಬರಹಗಳು, ಮಕ್ಕಳ ಕೈಬರಹ ಪತ್ರಿಕೆಯ ಚಿತ್ರಗಳು. ಮುದ್ರಿತ ಪಠ್ಯಪುಸ್ತಕದ ಪಿಡಿಎಫ್ ಮತ್ತೆ ಸಿಗುತ್ತದೆ, ಅದಕ್ಕಾಗಿ ಡಿಸ್ಕನ್ನು ದಣಿಸಬೇಡಿ. ನಕಲು ಮಾಡುವುದು ನಡುವೆ ಸಿಕ್ಕಿಕೊಳ್ಳುತ್ತಿದ್ದರೆ ‘ಡಿಡಿರೆಸ್ಕ್ಯೂ’ ಎಂಬ ಉಪಕರಣವಿದೆ. ಅದು ಸುಲಭವಾಗಿ ಓದಲಾಗುವ ಭಾಗಗಳನ್ನೆಲ್ಲ ಮೊದಲು ನಕಲಿಸಿ, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಕಠಿಣ ಪ್ರಶ್ನೆಯನ್ನು ಕೊನೆಗೆ ಬಿಡಿ ಎಂದು ನಾವು ಪರೀಕ್ಷೆಗೆ ಕೂರುವ ಮಕ್ಕಳಿಗೆ ಹೇಳುವುದೂ ಇದನ್ನೇ. ಹೊಸ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ಕೀಲಿ ಬೇಕಾಗುತ್ತದೆ. ಅದನ್ನು ಯಂತ್ರ ಚೆನ್ನಾಗಿರುವಾಗಲೇ ಕಾಗದದ ಮೇಲೆ ಬರೆದಿಡಬೇಕು. ಎಸ್‌ಎಸ್‌ಡಿಯಾದರೆ ಸದ್ದಿನ ಎಚ್ಚರಿಕೆಯೂ ಇರದು, ಮುನ್ಸೂಚನೆಯಿಲ್ಲದೆ ಒಂದೇ ದಿನ ನಿಂತುಬಿಡಬಹುದು.

ಕಡತಗಳು ಹೊರಬಂದ ಮೇಲೆ ಉಳಿದುದು ಸುಲಭ. ಡಿಸ್ಕ್ ರೋಗಗ್ರಸ್ತವಾಗಿದ್ದರೆ ಹೊಸದನ್ನು ಹಾಕಿಸಬೇಕು. ಆರೋಗ್ಯವಾಗಿದ್ದೂ ಪುನಃಸ್ಥಾಪನೆ ವಿಫಲವಾಗಿದ್ದರೆ ಸಿ ಡ್ರೈವಿನಲ್ಲಿ ಜಾಗವಿದೆಯೇ, ಲ್ಯಾಪ್‌ಟಾಪಿಗೆ ಚಾರ್ಜರ್ ಸೇರಿಸಿದೆಯೇ, ಯುಪಿಎಸ್ ಬ್ಯಾಟರಿ ಸತ್ತಿಲ್ಲವೇ, ರ‍್ಯಾಮ್ ಸರಿಯಿದೆಯೇ ಎಂದು ನೋಡಬೇಕು. ಎಲ್ಲವೂ ಸರಿಯಿದ್ದರೆ ಬೇರೊಂದು ಯಂತ್ರದಲ್ಲಿ ಕನಿಷ್ಠ 8 ಜಿಬಿಯ ಪೆನ್ ಡ್ರೈವಿನಲ್ಲಿ ವಿಂಡೋಸಿನ ಹೊಸ ಸ್ಥಾಪನಾ ಪ್ರತಿಯನ್ನು ಸಿದ್ಧಪಡಿಸಿ ಅದರಿಂದ ಸ್ಥಾಪಿಸಬೇಕು.

ತರಗತಿಯಲ್ಲಿ

ಎಂಟನೆಯ ತರಗತಿಗೆ ಒಂದು ಅವಧಿಯ ಚಟುವಟಿಕೆ. ಮಕ್ಕಳಿಗೆ ಗೊತ್ತಿರುವ ಊರಿನ ಹಾಡೊಂದನ್ನು ಸಾಲಿಗೊಂದರಂತೆ ಚೀಟಿಗಳಲ್ಲಿ ಬರೆಸಿ, ಸಂಖ್ಯೆ ಹಾಕಿಸಿ, ನೆಲದ ಮೇಲೆ ವೃತ್ತವಾಗಿ ಇಡಿಸಿರಿ. ಒಂದು ಮಗು ಓದುವ ಮೊನೆಯಾಗಲಿ, ಇನ್ನೊಂದು ದಾಖಲೆ ಬರೆಯಲಿ. ಎರಡು ಚೀಟಿಗಳ ಮೇಲೆ ಶಾಯಿ ಹಚ್ಚಿರಿ. ಮಸುಕಾಗಿ ಓದಲು ಬಂದುದನ್ನು ಹೊಸ ಚೀಟಿಗೆ ಬರೆದು ಬದಲಿ ಕೊಡಬಹುದು. ಪೂರ್ತಿ ಅಳಿದುದಕ್ಕೆ ಏನು ಮಾಡುವುದೆಂದು ಮಕ್ಕಳೇ ಚರ್ಚಿಸಲಿ. ಅನಂತರ ಉಳಿದ ಚೀಟಿಗಳಲ್ಲಿ ಒಂದರ ಮೇಲೆ ಮಗ್ಗಿಯನ್ನು ಬರೆಸಿ ಹಾಡನ್ನು ಮತ್ತೆ ಓದಿಸಿರಿ. ಅಳಿದ ಸಾಲನ್ನು ಯಾರ ಮನೆಯ ಅಜ್ಜಿ ಹೇಳಬಲ್ಲರೆಂದು ಯಾವುದಾದರೂ ಮಗು ಕೇಳಿದರೆ ಆ ಪ್ರಶ್ನೆಯನ್ನು ಬಿಡಬೇಡಿರಿ. ಮರುದಿನ ಅವರನ್ನೇ ಶಾಲೆಗೆ ಕರೆತರಬಹುದು.

ನಕಲು ಇಡುವಾಗ ಇನ್ನೊಂದನ್ನು ಮರೆಯಬಾರದು. ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತಗಳು ಆ ಶೈಲಿಯಿಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತವೆ. ಕಡತ ಉಳಿದರೂ ಓದಲಾಗದು. ಅಕ್ಷರಶೈಲಿಯ ಕಡತಗಳನ್ನೂ ಜೊತೆಗೇ ನಕಲಿಸಿ, ಬಿಡುವಾದಾಗ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒಂದು ಪ್ರತಿಯನ್ನು ಶಾಲೆಯಲ್ಲೂ ಇನ್ನೊಂದನ್ನು ಶಿಕ್ಷಕರ ಮನೆಯಲ್ಲೂ ಇಡಬೇಕು. ಯಂತ್ರದ ಪಕ್ಕಕ್ಕೆ ಒಂದು ರಟ್ಟಿನ ತುಂಡು ಅಂಟಿಸಿ, ಪ್ರತಿ ತಿಂಗಳ ಮೊದಲ ಶನಿವಾರ ದಿನಾಂಕದೊಡನೆ 5, 197, 198, 199ರ ಅಂಕಿಗಳನ್ನು ಬರೆಯಬೇಕು.