ತಾಳಿ ಬಿಚ್ಚಿಟ್ಟರೆ ಭಕ್ತಿ ಹೆಚ್ಚುತ್ತದೆಯೇ?

ಪ್ರಶ್ನೆ: ನನಗೆ 34 ವರ್ಷ. ಹುಟ್ಟಿನಿಂದ ಕ್ಯಾಥೊಲಿಕ್. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನಲ್ಲೇ ನನ್ನ ಮದುವೆ ಆಗಿದ್ದು. ಈಚೆಗೆ ಗೆಳತಿಯ ಜೊತೆ ಬೇರೆ ಸಭೆಯ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದೇನೆ. ಅಲ್ಲಿನ ಪ್ರಾರ್ಥನೆ ಮನಸ್ಸಿಗೆ ಹಿಡಿಸಿದೆ. ಆದರೆ ಅಲ್ಲಿ ಯಾರೂ ಚಿನ್ನ ಹಾಕುವುದಿಲ್ಲ, ಹೂ ಮುಡಿಯುವುದಿಲ್ಲ. ‘ಒಳಗಿನ ಅಲಂಕಾರ ಸಾಕು ಅಂತ ಪೇತ್ರನೇ ಬರೆದಿದ್ದಾನೆ, ನೀನಿನ್ನೂ ಲೋಕ ಬಿಟ್ಟಿಲ್ಲ’ ಅನ್ನುತ್ತಾರೆ ಅಕ್ಕಂದಿರು. ಹೋದ ತಿಂಗಳು ಓಲೆ, ಬಳೆ ತೆಗೆದಿಟ್ಟೆ. ಈಗ ತಾಳಿಯ ಸರದಿ. ಅದು ಅನ್ಯರ ಪದ್ಧತಿಯಂತೆ. ನನ್ನ ಬೋಳು ಕಿವಿ ನೋಡಿದಾಗಿನಿಂದ ಅತ್ತೆ ಮಾತು ಬಿಟ್ಟಿದ್ದಾರೆ. ಗಂಡ ‘ನಿನ್ನಿಷ್ಟ’ ಅಂದು ಸುಮ್ಮನಾಗುತ್ತಾರೆ. ಕೂಟಕ್ಕೆ ಹೋದಾಗಲೆಲ್ಲ ತಾಳಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೇನೆ. ನನ್ನ ವಿಶ್ವಾಸವೇ ಸುಳ್ಳಾ?
– ಹೆಸರು ಬೇಡ, ಮೈಸೂರು

ಉತ್ತರ: ಸುಳ್ಳಲ್ಲ. ಆದರೆ ಮನೆಯಲ್ಲೊಂದು ಥರ, ಕೂಟದಲ್ಲೊಂದು ಥರ ಕಾಣಿಸಿಕೊಳ್ಳಲು ಹೆಣಗಿ ಸೋತಿದ್ದೀರಿ.

ಪೇತ್ರನ ಮೊದಲನೆಯ ಪತ್ರದ ಮೂರನೇ ಅಧ್ಯಾಯವನ್ನು ಒಮ್ಮೆ ನೀವೇ ಕೂತು ಪೂರ್ತಿ ಓದಿ. ಜಡೆ, ಚಿನ್ನದ ಜೊತೆಗೆ ಅಲ್ಲಿ ಬಟ್ಟೆ ಉಡುವ ಮಾತೂ ಬರುತ್ತದೆ. ಚಿನ್ನ ನಿಷೇಧ ಅಂತ ಓದಿದರೆ ಬಟ್ಟೆಯೂ ನಿಷೇಧ ಅಂತ ಓದಬೇಕಾದೀತು. ಪುಣ್ಯಕ್ಕೆ ಯಾರೂ ಹಾಗೆ ಓದಿಲ್ಲ! ಮೈಮೇಲಿನದ್ದನ್ನು ನೋಡಿ ಹೆಣ್ಣಿಗೆ ಬೆಲೆ ಕಟ್ಟಬೇಡಿ ಎಂಬುದು ಅಲ್ಲಿನ ಕಳಕಳಿ. ತುಂಬಿದ ಕೊರಳು ನೋಡಿ ಬೆಲೆ ಕಟ್ಟಿದರೂ ಬೋಳು ಕೊರಳು ನೋಡಿ ಕಟ್ಟಿದರೂ ತಪ್ಪು ಒಂದೇ. ಯಾಕೋಬನ ಪತ್ರದ ಎರಡನೇ ಅಧ್ಯಾಯದಲ್ಲಿ ಚಿನ್ನದುಂಗುರ ತೊಟ್ಟವನೊಬ್ಬ ಸಭೆಗೆ ಬರುತ್ತಾನೆ, ಕೊಳೆಬಟ್ಟೆಯ ಬಡವನೂ ಬರುತ್ತಾನೆ. ಮೊದಲಿನವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬುಡ. ಯಾಕೋಬ ಬೈಯುವುದು ಉಂಗುರದವನನ್ನಲ್ಲ, ಹಾಗೆ ಜಾಗ ಹಂಚಿದವರನ್ನು. ನಿಮ್ಮ ಕೂಟದಲ್ಲಿ ಈಗ ಜಾಗ ಅದಲುಬದಲಾಗಿದೆ, ಹಂಚುವ ಚಾಳಿ ಹಾಗೇ ಇದೆ.

ಇನ್ನು ತಾಳಿ. ಈ ಜಗಳಕ್ಕೆ ಮುನ್ನೂರು ವರ್ಷ ದಾಟಿದೆ, ಅದರಲ್ಲಿ ನಮ್ಮ ಮೈಸೂರಿನ ಹೆಸರೂ ಇದೆ. ಪಾಂಡಿಚೇರಿಗೆ ಬಂದಿದ್ದ ಪೋಪರ ಪ್ರತಿನಿಧಿ ತೂರ್ನೋನ್ 1704ರಲ್ಲಿ ಮದುರೈ, ಮೈಸೂರು, ಕರ್ನಾಟಿಕ್ ಮಿಷನ್ನುಗಳಿಗೆ ಒಂದು ಕಟ್ಟುನಿಟ್ಟಿನ ಆಜ್ಞೆ ಹೊರಡಿಸಿದರು. ಸ್ಥಳೀಯ ಪದ್ಧತಿಗಳ ಮೇಲೆ ಅಷ್ಟು ಕತ್ತರಿ ಆಡಿಸಿದ ಆ ಮನುಷ್ಯ ಕೂಡ ಬೇಡ ಅಂದದ್ದು ಪಿಳ್ಳೆಯಾರನ, ಅಂದರೆ ಗಣಪತಿಯ, ರೂಪವಿದ್ದ ತಾಳಿಯನ್ನು; ಶಿಲುಬೆಯದೋ ಮಾತೆ ಮರಿಯಳದೋ ಧರಿಸಲು ಅಡ್ಡಿ ಮಾಡಲಿಲ್ಲ. ನಿಮ್ಮ ಮದುವೆಯಲ್ಲೂ ಗುರುಗಳು ಆಶೀರ್ವದಿಸಿ ಕೊಟ್ಟ ತಾಳಿಯೇ ಅಲ್ಲವೇ ಕೊರಳಿಗೆ ಬಿದ್ದದ್ದು? ಅದನ್ನು ಕಂಡು ನಾಚುವಂಥದ್ದೇನಿದೆ?

ಹಾಗಂತ ಆ ಅಕ್ಕಂದಿರನ್ನು ನಾನು ಹಳಿಯುವುದಿಲ್ಲ. ಪಕ್ಕದಲ್ಲಿ ಕೂತ ಬಡವಿಗೆ ಮುಜುಗರ ಆಗದಿರಲಿ ಅಂತ ಚಿನ್ನ ಬಿಟ್ಟವರೂ ಇದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ನಿಮಗೂ ಮನಸ್ಸಾರೆ ಹಾಗನಿಸಿದರೆ ಓಲೆ ಬಳೆ ಪೆಟ್ಟಿಗೆಯಲ್ಲೇ ಇರಲಿ. ಬೇರೆಯವರ ಕಣ್ಣಿಗೆ ಹೆದರಿ ಮಾತ್ರ ಏನನ್ನೂ ತೆಗೆಯಬೇಡಿ, ಹಾಕಲೂ ಬೇಡಿ.

ಅತ್ತೆಯ ವಿಷಯಕ್ಕೆ ಬರೋಣ. ನಿಮ್ಮ ಕೊರಳು ಬರಿದಾದರೆ ಆಕೆಗೆ ಮೊದಲು ನೆನಪಾಗುವುದು ಮಗನ ಆಯಸ್ಸು. ಕ್ರೈಸ್ತ ಮನೆಯಾದ ಮಾತ್ರಕ್ಕೆ ಆ ಭಯ ಹೋಗುವುದಿಲ್ಲ. ಪೇತ್ರ ಹೊಗಳುವ ಸಾತ್ವಿಕ ಮನಸ್ಸು ಬೇಕಾಗುವುದು ಇಂಥ ಕಡೆಯೇ. ಆಕೆ ಮಲ್ಲಿಗೆ ಕಟ್ಟುತ್ತಾ ಕೂತಾಗ ಪಕ್ಕದಲ್ಲಿ ಕೂತುಕೊಳ್ಳಿ. ವಚನ ಒಪ್ಪಿಸಲು ಹೋಗಬೇಡಿ. ‘ಅತ್ತೆ, ತಾಳಿ ತೆಗೆಯಲ್ಲ. ಓಲೆ ತೆಗೆಯುವ ಮುಂಚೆ ನಿಮಗೊಂದು ಮಾತು ಹೇಳಬೇಕಿತ್ತು’ ಅನ್ನಿ. ಒಂದಿಷ್ಟು ಬೈಗುಳ ಬರಬಹುದು, ಬರಲಿ, ಮೌನಕ್ಕಿಂತ ವಾಸಿ. ಗಂಡನ ‘ನಿನ್ನಿಷ್ಟ’ವನ್ನೂ ಅಲ್ಲಿಗೇ ಬಿಡಬೇಡಿ, ಅವರ ಇಷ್ಟ ಏನು ಅಂತ ಕೇಳಿ.

ಪ್ರಾರ್ಥನೆ ಹಿಡಿಸಿದ್ದರೆ ಕೂಟಕ್ಕೂ ಹೋಗಿ, ಸೆರಗು ಹೊದೆಯದೆ ಹೋಗಿ. ತಾಳಿ ಕಂಡ ಮೇಲೂ ಅವರು ಮೊದಲಿನ ಹಾಗೇ ಮಾತಾಡಿಸಿದರೆ ಸಂತೋಷ. ಮುಖ ತಿರುಗಿಸಿದರೆ ಬೇರೆ ಕಡೆ ಪ್ರಾರ್ಥಿಸಿ, ಈ ಊರಲ್ಲಿ ಜಾಗಕ್ಕೇನೂ ಬರವಿಲ್ಲ. ಬಿಚ್ಚಿದ ಚಿನ್ನವನ್ನು ‘ದೇವರ ಕೆಲಸಕ್ಕೆ’ ಕೊಡಿ ಎಂದು ಯಾರಾದರೂ ಕೇಳಿದರೆ, ಗಂಡನ ಜೊತೆ ಮಾತಾಡದೆ ಗುಲಗಂಜಿಯಷ್ಟನ್ನೂ ಕೊಡಬೇಡಿ.