ಹೃದ್ರೋಗ ಮತ್ತು ಪಾರ್ಶ್ವವಾಯು: ಅವರವರಿಗೆ ತಕ್ಕ ಎಚ್ಚರ

ಒಂದೇ ಓಣಿಯಲ್ಲಿ ಬೆಳೆದು, ಒಂದೇ ಬಗೆಯ ಜೋಳದ ರೊಟ್ಟಿಯನ್ನುಂಡ ಇಬ್ಬರಲ್ಲಿ ಒಬ್ಬರು ಎಂಬತ್ತು ದಾಟುತ್ತಾರೆ. ಮತ್ತೊಬ್ಬರು ಐವತ್ತರೊಳಗೇ ಹೃದಯಾಘಾತಕ್ಕೆ ತುತ್ತಾಗುತ್ತಾರೆ. ಇದನ್ನು ಹಣೆಬರಹವೆಂದು ಭಾವಿಸಿ ಸುಮ್ಮನಿರುವ ಕಾಲ ಕಳೆಯಿತು. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಆರಂಭವಾದ ಅಧ್ಯಯನವು ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಮೊದಲಾದವು ಈ ರೋಗಕ್ಕೆ ಬಹು ಮುಂಚೆಯೇ ದಾರಿ ಮಾಡಿಕೊಡುತ್ತವೆಂದು ತೋರಿಸಿತು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು, ಮೊದಲ ಹೃದಯಾಘಾತದ ಅಪಾಯದಲ್ಲಿ ಶೇಕಡಾ 90ರಷ್ಟು ಕೇವಲ ಒಂಬತ್ತು ಕಾರಣಗಳಿಗೆ ಸಂಬಂಧಿಸಿದುದೆಂದು ಕಂಡುಕೊಂಡಿತು. ದಕ್ಷಿಣ ಏಷ್ಯಾದವರಲ್ಲಿ ಈ ಆಘಾತವು ಇತರರಿಗಿಂತ ಐದಾರು ವರ್ಷ ಮೊದಲೇ ಬರುವುದೆಂಬುದೂ ಅದರಿಂದ ತಿಳಿದುಬಂದಿತು.

ಕಾರಣಗಳು ಸಮಾನವಾದರೂ ಅವುಗಳ ಭಾರ ಒಬ್ಬೊಬ್ಬರಲ್ಲಿ ಬೇರೆ ಬೇರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ನಿಧನರಾದಾಗ, ನಾಡಿನ ಆಸ್ಪತ್ರೆಗಳ ಮುಂದೆ ಜನರು ತಪಾಸಣೆಗಾಗಿ ಸಾಲುಗಟ್ಟಿದರು. ಆದರೆ ಅಂಜಿಕೆಯಿಂದ ಒಂದು ದಿನ ತೆಗೆಸಿದ ಇಸಿಜಿ ಸರಿಯಾಗಿದ್ದ ಮಾತ್ರಕ್ಕೆ ಮುಂದಿನ ಹತ್ತು ವರ್ಷಗಳಿಗೆ ಅಭಯ ದೊರೆಯದು. ವಯಸ್ಸು, ಲಿಂಗ, ತಂಬಾಕಿನ ಚಟ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಇವುಗಳನ್ನು ಕೂಡಿಸಿ ಹತ್ತು ವರ್ಷಗಳ ಅಪಾಯವನ್ನು ಅಂದಾಜು ಮಾಡುವ ಕೋಷ್ಟಕಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಜಗತ್ತಿನ ಒಂದೊಂದು ಪ್ರದೇಶಕ್ಕೂ ಪ್ರತ್ಯೇಕವಾಗಿ ಪರಿಷ್ಕರಿಸಿತು.

ಈ ಲೆಕ್ಕಕ್ಕೆ ಮನೆತನದ ಹಾಗೂ ಜೀವನದ ವಿವರಗಳನ್ನು ಸೇರಿಸಬೇಕು. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿದ್ದರೆ, ಯೌವನದಲ್ಲಿಯೇ ಕೊಲೆಸ್ಟರಾಲ್ ಪರೀಕ್ಷೆ ಅವಶ್ಯ. ಬಸಿರಿನಲ್ಲಿ ರಕ್ತದೊತ್ತಡವೋ ಸಕ್ಕರೆಯೋ ಏರಿದ್ದ ತಾಯಂದಿರು, ಹೆರಿಗೆಯ ನಂತರ ಅದು ಇಳಿದರೂ ಮರೆಯಬಾರದು. ಮುಂದೆ ಅವರಿಗೆ ಅಪಾಯ ಹೆಚ್ಚು. ನಾಡಿ ಅಡ್ಡಾದಿಡ್ಡಿಯಾಗಿ ಬಡಿಯುವ ವೃದ್ಧರಲ್ಲಿ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಅಂಥವರಿಗೆ ವೈದ್ಯರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ಪರಿಶೀಲಿಸುತ್ತಾರೆ. ತಂಬಾಕು ಜಗಿಯುವವರಿಗಾದರೋ ಅದನ್ನು ಬಿಡುವುದೇ ಮೊದಲ ಔಷಧ.

ಊಟದಲ್ಲಿಯೂ ಇದೇ ವಿವೇಕ ಸಲ್ಲುತ್ತದೆ. ಧಾರವಾಡದ ಪೇಢೆ ಸಕ್ಕರೆ ಕಾಯಿಲೆಯವರಿಗೆ ಅಹಿತ. ಉಪ್ಪಿನಕಾಯಿ, ಹಪ್ಪಳಗಳು ರಕ್ತದೊತ್ತಡದವರಿಗೆ ಅಹಿತ. ದಿನಕ್ಕೆ ಐದು ಗ್ರಾಂ ಉಪ್ಪಿನ ಮಿತಿ ಮಾತ್ರ ಸರ್ವರಿಗೂ ಅನ್ವಯ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು.

1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯ ಸ್ಥಾಪನೆಯಾದಂದಿನಿಂದ ಅವಳಿ ನಗರಕ್ಕೆ ತಜ್ಞರ ನೆರವು ದೂರದ ಮಾತಲ್ಲ. ಎದೆ ಹಿಂಡಿದಂತಾದಾಗ, ಬಾಯಿ ಸೊಟ್ಟಗಾಗಿ ಕೈ ಸೋತಾಗ, ಮಾತು ತೊದಲಿದಾಗ ಅರೆಗಳಿಗೆಯನ್ನೂ ಕಳೆಯಲಾಗದು. ಮೆದುಳಿನ ಹೆಪ್ಪನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಅವಧಿಯಿದೆ. ಅಂಥ ಗಳಿಗೆ ಬಾರದಿರಲೆಂದು, ಶಿಕ್ಷಕರಾಗಲಿ ಹಳೆಯ ವಿದ್ಯಾರ್ಥಿಗಳಾಗಲಿ ತಮ್ಮ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಇವುಗಳ ಅಂಕಿಗಳನ್ನು ವರ್ಷಕ್ಕೊಮ್ಮೆ ಬರೆದಿಟ್ಟು ವೈದ್ಯರಿಗೆ ತೋರಿಸತಕ್ಕದ್ದು. ಮಕ್ಕಳ ಅಂಕಪಟ್ಟಿಯನ್ನು ಜೋಪಾನವಾಗಿಡುವ ಮನೆಯಲ್ಲಿ ಹಿರಿಯರ ಈ ಅಂಕಪಟ್ಟಿಗೂ ಎಡೆಯಿರಲಿ.